ರೋಗದ ಮೂಲವನ್ನರಿಯುವ ಬಗೆ

ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದು ಹಲವು ವರ್ಷ ನೆಮ್ಮದಿಯಿಂದಿದ್ದ ತಾಯಿಯೊಬ್ಬರ ಶ್ವಾಸಕೋಶದಲ್ಲಿ ಗಂಟು ಕಾಣಿಸಿತೆನ್ನೋಣ. ಅದು ಅಲ್ಲಿಯೇ ಹುಟ್ಟಿದ ಹೊಸ ರೋಗವೋ, ಹಳೆಯದೇ ಹರಡಿದುದೋ? ಇದನ್ನು ನಿರ್ಣಯಿಸದೆ ಔಷಧ ಕೊಡುವುದು ಸಲ್ಲದು. ಸ್ತನದ ಕ್ಯಾನ್ಸರ್ ಎಲ್ಲಿಗೆ ಹರಡಿದರೂ ಸ್ತನದ ಕ್ಯಾನ್ಸರೇ.

ಗಂಟಿನಿಂದ ತೆಗೆದ ಅಂಗಾಂಶದ ತೆಳುಪದರಕ್ಕೆ ಪ್ರತಿಕಾಯಗಳನ್ನು ಹಾಕಿ, ಬಣ್ಣ ಬರಿಸುತ್ತಾರೆ. ಹುಡುಕುವ ಪ್ರೋಟೀನು ಜೀವಕೋಶದಲ್ಲಿದ್ದರೆ ಸಾಮಾನ್ಯವಾಗಿ ಕಂದುಬಣ್ಣ ಮೂಡುತ್ತದೆ. ‘ಗಾಟಾ-೩’ ಹಾಗೂ ಈಸ್ಟ್ರೊಜೆನ್ ಗ್ರಾಹಕ ಕಂಡರೆ ಸ್ತನದತ್ತಲೂ, ‘ಟಿಟಿಎಫ್-೧’ ಕಂಡರೆ ಶ್ವಾಸಕೋಶದತ್ತಲೂ ಸುಳಿವು ದೊರೆಯುತ್ತದೆ. ಆದರೆ ಗಾಟಾ-೩ ಮೂತ್ರಕೋಶದ ಕ್ಯಾನ್ಸರಿನಲ್ಲಿಯೂ ಕಾಣುವುದರಿಂದ ಒಂದೇ ಗುರುತನ್ನು ನಂಬದೆ, ಹಲವನ್ನು ಹಳೆಯ ಅಂಗಾಂಶದೊಡನೆ ಹೋಲಿಸುತ್ತಾರೆ.

ಆದುದರಿಂದ ಮರುಪರೀಕ್ಷೆಗೆ ಅಂಜಬಾರದೆಂದೂ, ಹಳೆಯ ವರದಿಗಳನ್ನು ಜೋಪಾನವಾಗಿರಿಸಿ ವೈದ್ಯರ ಮುಂದಿಡಬೇಕೆಂದೂ ಓದುಗ ಬಂಧುಗಳಲ್ಲಿ ನಾವು ಬಿನ್ನವಿಸುತ್ತೇವೆ.