ಗುಂಡು ನಾಟದ ಮೈ: ದೊಡ್ಡ ಬೇಟೆಯಲ್ಲಿ ಗುಂಡಿನ ತೂಕ ಮತ್ತು ರಚನೆ

ಬೇಟೆಗೆ ಸಂಬಂಧಿಸಿದ ಮೌಖಿಕ ಕಥನಗಳಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ಆಶಯವಿದೆ. ನುರಿತ ಬೇಟೆಗಾರನೊಬ್ಬ ಹತ್ತಿರದಿಂದಲೇ ಗುರಿಯಿಟ್ಟು ಹೊಡೆಯುತ್ತಾನೆ. ಈಡು ತಾಗಿದ್ದನ್ನು ಜೊತೆಯವರೂ ಕಾಣುತ್ತಾರೆ. ಆದರೂ ಕಾಟಿಯೋ ಸಲಗವೋ ಬೀಳದೆ ಹಳುವಿನೊಳಗೆ ಮಾಯವಾಗುತ್ತದೆ. ಅದು ದೈವದ ಮಿಕವೆಂದೋ, ಯಾರೋ ಕೋವಿಗೆ ಕಟ್ಟು ಹಾಕಿದ್ದಾರೆಂದೋ ಕಥೆ ಮುಂದುವರಿಯುತ್ತದೆ. ಸ್ಟಿತ್ ಥಾಮ್ಸನ್ನನ ಆಶಯಸೂಚಿಯಲ್ಲಿ ಮಾಂತ್ರಿಕ ಅಭೇದ್ಯತೆಗೆ ಡಿ 1840 ಎಂಬ ಸಂಖ್ಯೆಯೂ, ದುಷ್ಟಶಕ್ತಿಗಳ ವಿರುದ್ಧ ರಕ್ಷಣೆ ನೀಡುವ ಬೆಳ್ಳಿಯ ಗುಂಡಿಗೆ ಡಿ 1385.4 ಎಂಬ ಸಂಖ್ಯೆಯೂ ಇರುವುದನ್ನು ನೋಡಿದರೆ, ಈ ಆಶಯ ನಮ್ಮ ಮಲೆನಾಡಿಗೆ ಮಾತ್ರ ಸೀಮಿತವಲ್ಲವೆಂಬುದು ಸ್ಪಷ್ಟ. ಇಂತಹ ಕಥೆಗಳನ್ನು ಅಧ್ಯಯನ ಮಾಡುವವರು ಕುಲಚಿಹ್ನೆ, ನಿಷೇಧ, ಬಲಿಗಳ ನೆಲೆಯಿಂದ ಅವುಗಳನ್ನು ವಿವರಿಸುವುದು ವಾಡಿಕೆ. ಆ ವಿವರಣೆಗಳು ತಪ್ಪೆಂದು ನನ್ನ ವಾದವಲ್ಲ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಆ ಕೋವಿಯಲ್ಲಿ ಇದ್ದದ್ದು ಎಂತಹ ಗುಂಡು?

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಂದಿಗೆ ಹುಲಿ, ಆನೆ, ಕಾಟಿಗಳ ಬೇಟೆಯ ಯುಗ ಮುಗಿಯಿತು. ಆದ್ದರಿಂದ ಇಲ್ಲಿನ ವಿವೇಚನೆ ಭೌತಿಕ ಸಂಸ್ಕೃತಿಯ ಇತಿಹಾಸಕ್ಕೆ ಸೇರಿದ್ದು.

ಕನ್ನಡದ ಬೇಟೆಯ ಪದಕೋಶದಿಂದಲೇ ಆರಂಭಿಸಬಹುದು. ಕೋವಿಗೆ ತುಂಬುವ ಮದ್ದು, ಸಣ್ಣ ಕಾಳುಗಳಾದ ಚರೆ, ಒಂಟಿಯಾಗಿ ಹೋಗುವ ಗುಂಡು, ಮದ್ದನ್ನು ಹೊತ್ತಿಸುವ ಕೇಪು, ಇವೆಲ್ಲವನ್ನೂ ಒಂದೇ ಒಡಲಿನಲ್ಲಿ ಅಡಕಗೊಳಿಸಿದ ತೋಟೆ, ಒಂದು ಸಲದ ಹೊಡೆತವಾದ ಈಡು – ಇವು ಬೇರೆ ಬೇರೆ. ಕೇಪಿನ ಕೋವಿಯ ಕಾಲದಲ್ಲಿ ಈಡನ್ನು ಸಿದ್ಧಪಡಿಸುವುದು ಬೇಟೆಗಾರನದೇ ಕೆಲಸವಾಗಿತ್ತು. ಮೊಲಕ್ಕೆ, ಹಕ್ಕಿಗೆ ಚರೆ. ಕಡವೆಗೆ, ಹಂದಿಗೆ ಗುಂಡು. ಮದ್ದು ಎಷ್ಟು ಎಂಬುದು ಅನುಭವದ ಮಾತು. ಅಂದರೆ ಗುಂಡಿನ ಆಯ್ಕೆ ಎಂಬುದು ಜನಪದರ ಕೈಯಲ್ಲಿದ್ದ ಒಂದು ಕುಶಲವಿದ್ಯೆ. (ಗುಂಡೇ ಇಲ್ಲದ ಈಡಿಗೂ ಅರ್ಥವುಂಟು. ಕೊಡವರಲ್ಲಿ ಗಂಡುಮಗು ಹುಟ್ಟಿದಾಗ ಒಂದು ಈಡು, ಸಾವಾದಾಗ ಎರಡು ಈಡು ಹಾರಿಸುವ ಸಂಪ್ರದಾಯವಿದೆ. ಅದು ಬೇರೆಯೇ ಲೇಖನಕ್ಕೆ ವಸ್ತು.)

ಹಳೆಯ ಕೋವಿಗಳ ಅಳತೆಯಲ್ಲಿಯೇ ಗುಂಡಿನ ತೂಕ ಅಡಗಿದೆ. ಒಂದು ಪೌಂಡು ಸೀಸದಿಂದ ನಳಿಗೆಗೆ ಸರಿಹೊಂದುವ ಎಷ್ಟು ದುಂಡು ಗುಂಡುಗಳನ್ನು ಎರಕ ಹೊಯ್ಯಬಹುದೋ ಅದೇ ಅದರ ಬೋರ್ ಸಂಖ್ಯೆ. ಪೌಂಡಿಗೆ 7000 ಗ್ರೇನುಗಳು. ಹೀಗಾಗಿ 12 ಬೋರಿನ ಗುಂಡು ಸುಮಾರು 583 ಗ್ರೇನು, 8 ಬೋರಿನದು 875, 4 ಬೋರಿನದು 1750 ಗ್ರೇನು, ಎಂದರೆ ಸುಮಾರು 113 ಗ್ರಾಮು ತೂಗುತ್ತದೆ. ಮೈಸೂರು ಸೀಮೆಯಲ್ಲಿ ಖೆಡ್ಡಾದ ಮೂಲಕ ಆನೆ ಹಿಡಿಸಿ ಹೆಸರಾದ, 1878ರಲ್ಲಿ ಭಾರತದ ವನ್ಯಮೃಗಗಳ ನಡುವಿನ ತನ್ನ 13 ವರ್ಷಗಳನ್ನು ಕುರಿತು ಗ್ರಂಥ ಪ್ರಕಟಿಸಿದ ಜಿ. ಪಿ. ಸ್ಯಾಂಡರ್ಸನ್ ಆನೆಗೆ ಬಳಸುತ್ತಿದ್ದುದು ಈ 4 ಬೋರಿನ ಕೋವಿಯನ್ನೇ. ಕಪ್ಪು ಮದ್ದಿನಿಂದ ಗುಂಡಿಗೆ ಹೆಚ್ಚಿನ ವೇಗ ಬಾರದು. ವೇಗದ ಕೊರತೆಯನ್ನು ತೂಕದಿಂದ ತುಂಬಿಕೊಳ್ಳದೆ ಅಂದಿನವರಿಗೆ ಗತ್ಯಂತರವಿರಲಿಲ್ಲ.

ಆದರೆ ದುಂಡು ಗುಂಡಿಗೆ ಒಂದು ಹುಟ್ಟುದೋಷವಿದೆ. ಅದರ ತೂಕ ಹೆಚ್ಚಿಸಬೇಕಾದರೆ ಅಗಲವನ್ನೂ ಹೆಚ್ಚಿಸಲೇಬೇಕು. ಅಗಲ ಹೆಚ್ಚಿದಷ್ಟೂ ಚರ್ಮ, ಸ್ನಾಯು, ಮೂಳೆಗಳು ಒಡ್ಡುವ ತಡೆಯೂ ಹೆಚ್ಚುತ್ತದೆ. ಗುಂಡಿನ ತೂಕವನ್ನು ಅದರ ವ್ಯಾಸದ ವರ್ಗದಿಂದ ಭಾಗಿಸಿದರೆ ಬರುವ ಅಂಕಕ್ಕೆ ಅಡ್ಡಕೊಯ್ತದ ಸಾಂದ್ರತೆ ಎನ್ನಬಹುದು. ಪೌಂಡು ಮತ್ತು ಅಂಗುಲಗಳಲ್ಲಿ ಲೆಕ್ಕ ಹಾಕಿದರೆ 12 ಬೋರಿನ 583 ಗ್ರೇನಿನ ದುಂಡು ಗುಂಡಿಗೆ ಈ ಅಂಕ ಸುಮಾರು 0.157. ಆಫ್ರಿಕದಲ್ಲಿ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದ ಡಬ್ಲ್ಯು. ಡಿ. ಎಂ. ಬೆಲ್ ಬಹುಪಾಲು ಬಳಸಿದ್ದು 7 ಮಿಲಿಮೀಟರ್ ರೈಫಲ್ಲಿನ 173 ಗ್ರೇನಿನ ನೀಳ ಗುಂಡನ್ನು; ಅದರ ಅಂಕ 0.306. ತೂಕದಲ್ಲಿ ಮೂರನೆಯ ಒಂದು ಭಾಗಕ್ಕೂ ಕಡಿಮೆಯಿರುವ ಗುಂಡು ಈ ಅಂಕದಲ್ಲಿ ಸುಮಾರು ಇಮ್ಮಡಿಯಾಗಿದೆ! ತೂಕ ಸಮನಾಗಿದ್ದರೂ ವ್ಯತ್ಯಾಸ ಬರುತ್ತದೆ: 300 ಗ್ರೇನಿನ ಗುಂಡು 0.375 ರೈಫಲ್ಲಿನಲ್ಲಿ 0.305 ಅಂಕ ಪಡೆದರೆ, ಹೆಚ್ಚು ಅಗಲವಾದ 0.405 ವಿಂಚೆಸ್ಟರಿನಲ್ಲಿ 0.254ಕ್ಕೆ ಇಳಿಯುತ್ತದೆ. ಬೆಂಗಳೂರಿನ ಕೆನೆತ್ ಆಂಡರ್ಸನ್ನನ ಮೆಚ್ಚಿನ ಕೋವಿ ಈ ಎರಡನೆಯದೇ. ತೇಜಸ್ವಿಯವರ ‘ಕಾಡಿನ ಕತೆಗಳು’ ಮೂಲಕ ಆತನ ಅನುಭವಗಳನ್ನು ಓದಿರುವ ಕನ್ನಡಿಗರಿಗೆ ಇದು ಅಪರಿಚಿತವಲ್ಲ. ಇದೇ ಕೋವಿಯನ್ನು 1909ರಲ್ಲಿ ಆಫ್ರಿಕಕ್ಕೆ ಒಯ್ದ ಥಿಯೋಡರ್ ರೂಸ್‌ವೆಲ್ಟ್, ಸಿಂಹದ ಮಟ್ಟಿಗೆ ಅದು ಮಂತ್ರಶಕ್ತಿಯ ಕೋವಿ ಎಂಬರ್ಥದ ಮಾತನ್ನು ಬಳಸಿದ್ದಾನೆ. ಆನೆಗಾಗಿ ಮಾತ್ರ ಆತ ಬೇರೊಂದು ಭಾರಿ ಜೋಡುನಳಿಗೆಯ ರೈಫಲ್ಲನ್ನು ಇಟ್ಟುಕೊಂಡಿದ್ದನೆಂಬುದು ಗಮನಾರ್ಹ.

ಹಾಗೆಂದು ಈ ಅಂಕವೇ ಎಲ್ಲವನ್ನೂ ನಿರ್ಣಯಿಸುವುದಿಲ್ಲ. ದೇಹವನ್ನು ಹೊಕ್ಕ ಗುಂಡು ತನ್ನ ಆಕಾರವನ್ನು ಉಳಿಸಿಕೊಳ್ಳುತ್ತದೆಯೇ, ಅರಳುತ್ತದೆಯೇ, ಒಡೆದು ಚೂರಾಗುತ್ತದೆಯೇ ಎಂಬುದು ರಚನೆಯ ಪ್ರಶ್ನೆ. ಶುದ್ಧ ಸೀಸ ಮೃದು. ತವರವನ್ನೋ ಆಂಟಿಮನಿಯನ್ನೋ ಬೆರೆಸಿದರೆ ಗಟ್ಟಿಯಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ‘ಎಕ್ಸ್‌ಪ್ರೆಸ್’ ರೈಫಲ್ಲುಗಳು ಜನಪ್ರಿಯವಾದವು. ಹಗುರವಾದ, ಮೂತಿಯಲ್ಲಿ ಟೊಳ್ಳಿರುವ ಗುಂಡು, ಅದಕ್ಕೆ ಹೆಚ್ಚು ಮದ್ದು; ಗುರಿ ನೇರ, ಹೊಡೆತ ಚುರುಕು. ಜಿಂಕೆಯಂತಹ ಮೃದುದೇಹಿಗಳಿಗೆ ಇದು ತಕ್ಕುದಾಗಿತ್ತು. ಭಾರಿ ಪ್ರಾಣಿಯ ಭುಜದ ಮೂಳೆಗೆ ತಾಗಿದಾಗ ಮಾತ್ರ ಅದೇ ಗುಂಡು ಮೇಲ್ಮೈಯಲ್ಲಿಯೇ ಸಿಡಿದು, ಕಣ್ಣಿಗೆ ಭೀಕರವಾದ, ಆದರೆ ಆಳವಿಲ್ಲದ ಗಾಯವನ್ನು ಮಾಡುತ್ತಿತ್ತು. ಸ್ಯಾಮ್ಯುಯೆಲ್ ಬೇಕರ್ 1890ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಟೊಳ್ಳು ಗುಂಡನ್ನು ಕಟುವಾಗಿ ವಿರೋಧಿಸಿ, ಹುಲಿಗೆ 0.577 ರೈಫಲ್ಲಿನ 648 ಗ್ರೇನಿನ ಟೊಳ್ಳಿಲ್ಲದ ಶುದ್ಧ ಸೀಸದ ಗುಂಡೇ ಯೋಗ್ಯವೆಂದು ವಾದಿಸಿದ. ಅದು ಅಣಬೆಯಂತೆ ಅರಳಿಯೂ ಒಡೆಯದೆ ಒಟ್ಟಾಗಿ ಉಳಿಯುತ್ತದೆಂಬುದು ಅವನ ಪ್ರತಿಪಾದನೆ. ಕಥೆಗಳಲ್ಲಿ ಬರುವ ‘ತಾಗಿದ್ದು ಕಂಡಿತು, ರಕ್ತವೂ ಬಿತ್ತು, ಪ್ರಾಣಿ ಮಾತ್ರ ಬೀಳಲಿಲ್ಲ’ ಎಂಬ ವರ್ಣನೆಗೆ ಇದಕ್ಕಿಂತ ಸಮೀಪದ ಭೌತಿಕ ವಿವರಣೆ ನನಗೆ ಬೇರೆಲ್ಲೂ ದೊರೆತಿಲ್ಲ.

ಹೊಗೆರಹಿತ ಮದ್ದು ಬಂದು ವೇಗ ಹೆಚ್ಚಿದ ಮೇಲೆ ಬರಿಯ ಸೀಸ ನಳಿಗೆಯಲ್ಲಿಯೇ ಸವೆಯತೊಡಗಿದ್ದರಿಂದ ಅದಕ್ಕೆ ತಾಮ್ರ-ನಿಕ್ಕಲ್ ಮಿಶ್ರಲೋಹದಂತಹ ಕವಚ ತೊಡಿಸಬೇಕಾಯಿತು. ಅಲ್ಲಿಂದ ಎರಡು ದಾರಿಗಳು: ಮೂತಿಯವರೆಗೂ ಮುಚ್ಚಿದ ಪೂರ್ಣ ಕವಚದ ಗುಂಡು, ಮತ್ತು ಮೂತಿಯಲ್ಲಿ ಸೀಸ ಹೊರಗಿಣುಕುವ, ದೇಹದೊಳಗೆ ಅರಳುವ ಗುಂಡು. ಕಲ್ಕತ್ತೆಯ ಬಳಿಯ ದಮ್ ದಮ್ ಶಸ್ತ್ರಾಗಾರದಲ್ಲಿ 1890ರ ದಶಕದಲ್ಲಿ ರೂಪುಗೊಂಡ ಎರಡನೆಯ ಬಗೆಯ ಗುಂಡು ಆ ಊರಿನ ಹೆಸರನ್ನೇ ಜಗತ್ತಿಗೆಲ್ಲ ಹರಡಿತು. ಮನುಷ್ಯರ ಮೇಲಿನ ಯುದ್ಧದಲ್ಲಿ ಅರಳುವ ಗುಂಡನ್ನು 1899ರ ಹೇಗ್ ಘೋಷಣೆ ನಿಷೇಧಿಸಿತು. ಬ್ರಿಟನ್ನಿನ 1991ರ ಜಿಂಕೆ ಕಾಯಿದೆಯಾದರೋ ಜಿಂಕೆಗೆ ರೈಫಲ್ಲಿನಿಂದ ಹೊಡೆಯುವವರು ಅರಳುವ ಗುಂಡನ್ನೇ ಬಳಸಬೇಕೆನ್ನುತ್ತದೆ. ಸೈನಿಕನನ್ನು ಗಾಯಗೊಳಿಸಿದರೆ ಸಾಕು, ಪ್ರಾಣಿಯನ್ನು ಮಾತ್ರ ಗಾಯಗೊಳಿಸಿ ಬಿಡಕೂಡದು ಎಂಬ ಎರಡು ವಿರುದ್ಧ ನೀತಿಗಳು ಒಂದೇ ವಸ್ತುವಿನ ಸುತ್ತ ಬೆಳೆದಿವೆ.

ಆನೆಯ ವಿಷಯ ಬೇರೆ. ಅದರ ತಲೆಬುರುಡೆಯ ಬಹುಭಾಗ ಜೇನುಹುಟ್ಟಿನಂತೆ ಗಾಳಿಗೂಡುಗಳಿಂದ ತುಂಬಿದ್ದು, ಮಿದುಳು ಹಿಂದಕ್ಕೂ ಕೆಳಕ್ಕೂ ಇದೆ. ಎದುರಿನಿಂದ ಹೊಡೆದ ಅರಳುವ ಗುಂಡು ಆ ಮೂಳೆಯ ಗೂಡಿನಲ್ಲಿಯೇ ಶಕ್ತಿಗುಂದುತ್ತದೆ. ಪೂರ್ಣ ಕವಚದ ನೀಳ ಗುಂಡು ಮಾತ್ರ ಮಿದುಳನ್ನು ಮುಟ್ಟೀತು. ಬೆಲ್‌ನ ಯಶಸ್ಸು ಪೂರ್ಣ ಕವಚ ಮತ್ತು ಅಂಗರಚನೆಯ ಜ್ಞಾನ ಎರಡರಿಂದಲೂ ಬಂದದ್ದು. ತಲೆಗೆ ಗುಂಡು ತಿಂದೂ ನಡೆದುಹೋದ ಸಲಗ ದೈವವಾಗುವುದರಲ್ಲಿ ಆಶ್ಚರ್ಯವಿಲ್ಲ.

ಇದೇ ಆಶಯದ ಆಧುನಿಕ ರೂಪವೊಂದು ಅಮೆರಿಕದಿಂದ ದೊರೆಯುತ್ತದೆ. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯದಲ್ಲಿ ಜಾನ್ ನಾಸ್ಲರ್ ಎಂಬಾತ, ಮೈಗೆಲ್ಲ ಕೆಸರು ಮೆತ್ತಿಕೊಂಡಿದ್ದ ಮೂಸ್ ಎಂಬ ಭಾರಿ ಜಿಂಕೆಗೆ ಹೊಡೆದ ಗುಂಡುಗಳು ಆಳಕ್ಕಿಳಿಯದೆ ವಿಫಲವಾದವು. ಆತ ಅದಕ್ಕೆ ಮಾಟವನ್ನು ಕಾರಣವಾಗಿಸಲಿಲ್ಲ. ಗುಂಡಿನೊಳಗೆ ತಾಮ್ರಲೋಹದ ಅಡ್ಡಗೋಡೆಯೊಂದನ್ನಿಟ್ಟು, ಮುಂದಿನ ಅರ್ಧ ಅರಳಲೆಂದೂ ಹಿಂದಿನ ಅರ್ಧ ಗಟ್ಟಿಯಾಗಿ ನುಗ್ಗಲೆಂದೂ ಹೊಸ ಗುಂಡನ್ನು ರೂಪಿಸಿ, 1948ರಲ್ಲಿ ಕಂಪನಿಯನ್ನೇ ಆರಂಭಿಸಿದ. ಬೇಟೆಗಾರರ ನಡುವೆ ಇಂದಿಗೂ ಪುನರುಕ್ತವಾಗುವ ಈ ವೃತ್ತಾಂತ, ನನ್ನ ದೃಷ್ಟಿಯಲ್ಲಿ, ಗುಂಡು ನಾಟದ ಪ್ರಾಣಿಯ ಕಥೆಯೇ. ಪರಿಹಾರ ಬೇರೆಯಾಗಿದೆ, ಅಷ್ಟೆ. ಮುಂದೆ ಇಡಿಯಾಗಿ ತಾಮ್ರದಿಂದಲೇ ಮಾಡಿದ ಗುಂಡುಗಳೂ ಬಂದವು. ಬೇಟೆಯ ಅವಶೇಷದಲ್ಲಿ ಉಳಿದ ಸೀಸದ ಚೂರುಗಳನ್ನು ತಿಂದು ಕಾಂಡೋರ್ ರಣಹದ್ದುಗಳು ಸಾಯುತ್ತಿದ್ದುದರಿಂದ, ಕ್ಯಾಲಿಫೋರ್ನಿಯ 2019ರ ಜುಲೈಯಿಂದ ಬೇಟೆಯಲ್ಲಿ ಸೀಸದ ಗುಂಡನ್ನು ಪೂರ್ಣವಾಗಿ ನಿಷೇಧಿಸಿದೆ.

ಗುಂಡಿನ ಆಯ್ಕೆ ಬೇಟೆಗಾರನ ವಿವೇಚನೆಗೆ ಮಾತ್ರ ಬಿಟ್ಟದ್ದೂ ಆಗಿರಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷ್ ಸರ್ಕಾರ ಭಾರತದಲ್ಲಿ 0.450 ರೈಫಲ್ಲುಗಳನ್ನು ನಿರ್ಬಂಧಿಸಿತು. ಅವುಗಳ ಗುಂಡು ಬಂಡಾಯಗಾರರ ಕೈಯಲ್ಲಿದ್ದ ಹಳೆಯ ಸೈನಿಕ ಕೋವಿಗಳಿಗೆ ಒದಗೀತೆಂಬ ಭಯ ಅದಕ್ಕೆ ಕಾರಣ. 500 ಗ್ರೇನಿನ ಗುಂಡು ಹಾರಿಸುವ 0.470ರಂತಹ ಹೊಸ ಅಳತೆಗಳು ಆ ತೆರವನ್ನು ತುಂಬಲು ಹುಟ್ಟಿದವು. ಇವು ದೊರೆಗಳ ಕೈಗೆ ಬಂದವೇ ಹೊರತು, ಬೆಳೆ ಕಾಯಲು ಮರಸಿನಲ್ಲಿ ಕುಳಿತ ರೈತನಿಗಲ್ಲ. ಅವನ ಪಾಲಿಗೆ ಉಳಿದದ್ದು ಕೇಪಿನ ಕೋವಿ, ಚರೆ, ಕೈಗೆ ಸಿಕ್ಕ ಸೀಸದ ತುಂಡು. ‘ಕೋವಿ ಯಾವುದು, ಗುಂಡು ಎರಕ ಹೊಯ್ದದ್ದೋ ಕೊಂಡದ್ದೋ, ತಾಗಿದ್ದು ಎಲ್ಲಿಗೆ, ಎಷ್ಟು ದೂರದಿಂದ’ ಎಂಬ ನಾಲ್ಕು ಪ್ರಶ್ನೆಗಳನ್ನು ಕ್ಷೇತ್ರಕಾರ್ಯದಲ್ಲಿ ವಕ್ತೃಗಳ ಮುಂದಿಟ್ಟರೆ ಗುಂಡು ನಾಟದ ಪ್ರಾಣಿಯ ಕಥೆಗಳು ಈ ವರ್ಗಭೇದದ ಗೆರೆಯನ್ನು ಅನುಸರಿಸುತ್ತವೆಯೇ ಎಂಬುದನ್ನು ಪರಿಶೀಲಿಸಲು ಸಾಧ್ಯ. ಇದುವರೆಗಿನ ಸಂಗ್ರಹಗಳಲ್ಲಿ ಈ ವಿವರಗಳು ವಿರಳ.

ಗಾಯಗೊಂಡು ತಪ್ಪಿಸಿಕೊಂಡ ಪ್ರಾಣಿ ಕಥೆಯಲ್ಲಿ ಸೇಡಿಗೆ ಮರಳುತ್ತದೆ. ಕಾಡಿನಲ್ಲಿಯೂ ಅದು ಮರಳಿದ್ದುಂಟು. 1907ರಲ್ಲಿ ಜಿಮ್ ಕಾರ್ಬೆಟ್ ಕೊಂದ ಚಂಪಾವತದ ನರಭಕ್ಷಕ ಹೆಣ್ಣುಹುಲಿಯ ಬಲಭಾಗದ ಮೇಲಿನ ಮತ್ತು ಕೆಳಗಿನ ಕೋರೆಹಲ್ಲುಗಳು ಮುರಿದಿದ್ದವು. ಯಾರೋ ಎಂದೋ ಹೊಡೆದ ಗುಂಡು ಅದನ್ನು ಕೊಲ್ಲದೆ ಹಲ್ಲುಗಳನ್ನಷ್ಟೇ ಮುರಿದಿತ್ತು. ತನ್ನ ಸಹಜ ಬೇಟೆಯನ್ನು ಹಿಡಿಯಲಾರದೆ ಅದು ಮನುಷ್ಯರತ್ತ ತಿರುಗಿತೆಂದು ಕಾರ್ಬೆಟ್ ಬರೆದಿದ್ದಾನೆ.