ಅಂಗಳದ ಬೆಂಚಿಗೆ ಯಾವ ಮರ?

ಕಳೆದ ಆಸಾಡಿಯಲ್ಲಿ ಅಂಗಳದ ಬೆಂಚಿನ ಮೇಲೆ ಅಮ್ಮ ಕೂತದ್ದೇ ತಡ, ಬೆಂಚಿನ ಒಂದು ಕಾಲು ಮುರಿದುಬಿತ್ತು. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ನಮ್ಮದೇ ತೋಟದ ಬದಿಯ ತೇಗ ಅದು. ಮಾಡಿಸಿ ನಾಲ್ಕು ವರ್ಷ ಆಗಿರಲಿಲ್ಲ. ಆಚಾರ್ರು ಮುರಿದ ಕಾಲನ್ನು ತಿರುಗಿಸಿ ನೋಡಿ, "ತೇಗ ಹೌದ್ ಮಾರಾಯ್ರೆ, ಆದ್ರೆ ಬಿಳಿ ಎಷ್ಟ್ ಇತ್ತ್ ಕಾಣಿ" ಅಂದರು.

ಮರದ ಹೊರಗಿನ ಬಿಳಿ ಭಾಗ ಯಾವ ಜಾತಿಯದ್ದಾದರೂ ಬೇಗ ಕುಂಬಾಗುತ್ತದೆ, ತೇಗವೂ ಅಷ್ಟೇ. ಬಾಳಿಕೆ ಬರುವುದು ಒಳಗಿನ ಬಣ್ಣದ ಚೇಗು ಮಾತ್ರ. ಹದಿನೈದು ವರ್ಷದ ಮರದಲ್ಲಿ ಚೇಗು ಕಡಿಮೆ. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಸುರಿಯುವ ಕುಂದಾಪುರ, ಬೈಂದೂರು, ಬ್ರಹ್ಮಾವರದಲ್ಲಿ ಇದು ಸಣ್ಣ ವಿಷಯ ಅಲ್ಲ. ಮರದಲ್ಲಿ ತೇವಾಂಶ ಶೇ. 20ಕ್ಕಿಂತ ಕಡಿಮೆ ಇದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ. ನಮ್ಮ ಮಳೆಗಾಲದಲ್ಲಿ ಹೊರಗಿಟ್ಟ ಮರ ಅಷ್ಟು ಒಣಗಿರುವುದುಂಟೇ?

ನನ್ನ ಮೊದಲ ಆಯ್ಕೆ ಹೆಬ್ಬಲಸು. ಕರಾವಳಿಯ ಮರದ ದೋಣಿಗಳಿಗೆ ಬಳಸುತ್ತಿದ್ದ ಮರ, ನೀರಿಗೆ ಹೆದರುವುದಿಲ್ಲ. ಕಿರಾಲುಬೋಗಿ ಇನ್ನೂ ಗಟ್ಟಿ, ಆದರೆ ಭಾರ. ಉಳಿಗೆ ಬಗ್ಗುವುದಿಲ್ಲವೆಂದು ಆಚಾರ್ರು ಗೊಣಗುತ್ತಾರೆ. ಮನೆಯ ಹಿಂದೆ ಹಳೆಯ ಹಲಸಿದ್ದರೆ ಅದರ ಹಳದಿ ಚೇಗೂ ಸಾಕು. ಅಕೇಶಿಯಾ ಅಗ್ಗ, ಆದರೆ ಬಿಸಿಲಿಗೆ ಹಾಕಿದರೆ ಸೀಳುತ್ತದೆ, ನೆರಳಲ್ಲೇ ನಿಧಾನ ಒಣಗಿಸಬೇಕು. ಮಾವು, ರಬ್ಬರ್ ಮರ ಒಳಮನೆಗೆ ಮಾತ್ರ.

ಯಾವ ಮರವಾದರೂ ಕೊಯ್ಸಿದ ಹಲಗೆಗಳ ನಡುವೆ ರೀಪು ಕೊಟ್ಟು, ಗಾಳಿಯಾಡುವ ನೆರಳಲ್ಲಿ ಆರು ತಿಂಗಳಾದರೂ ಇಡಿ. ಕೂರುವ ಹಲಗೆಗಳ ಮಧ್ಯೆ ಕಿರುಬೆರಳಷ್ಟು ಸಂದು ಬಿಡಿಸಿ, ನೀರು ನಿಲ್ಲಬಾರದು. ನೀರು ಹೆಚ್ಚು ಕುಡಿಯುವುದು ಕಾಲಿನ ತುದಿ. ಅದರಡಿಗೆ ಶಿಲೆಕಲ್ಲಿನ ತುಂಡು ಇಡಿ. ಮುರಕಲ್ಲು ಬೇಡ, ಅದೇ ನೀರು ಹೀರಿಕೊಂಡು ಕೂತಿರುತ್ತದೆ. ತುದಿಗೆ ಗೇರುಎಣ್ಣೆ ಹಚ್ಚಬಹುದು. ಕೂರುವ ಜಾಗಕ್ಕೆ ಮಾತ್ರ ಬೇಡವೇ ಬೇಡ, ಚರ್ಮ ಸುಡುತ್ತದೆ. ಮರವಂತೆ, ಬೈಂದೂರಿನ ಕಡಲ ಬದಿಯವರು ಕಬ್ಬಿಣದ ಮೊಳೆ ಬಿಟ್ಟು ಸ್ಟೀಲ್ ಸ್ಕ್ರೂ ಹಾಕಿಸಿ. ಉಪ್ಪುಗಾಳಿಗೆ ಮೊಳೆ ತುಕ್ಕು ಹಿಡಿದು ಸುತ್ತಲ ಮರವೂ ಕಪ್ಪಾಗುತ್ತದೆ.

ಸ್ವಂತ ಜಾಗದ ಮರವಾದರೂ ಹಲವು ಜಾತಿಗಳನ್ನು ಕಡಿಯಲು ಅನುಮತಿ ಬೇಕು. ಕೊಡಲಿ ಹಾಕುವ ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಒಮ್ಮೆ ಕೇಳಿಕೊಳ್ಳಿ.