ಕಾಗೆಯೂ ತಾಳೆಯ ಹಣ್ಣೂ

ಕಾಗೆ ಬಂದು ಮರದ ಮೇಲೆ ಕುಳಿತಿತು. ಅದೇ ಗಳಿಗೆಗೆ ತಾಳೆಯ ಹಣ್ಣು ಬಿದ್ದಿತು. ಕಾಗೆ ಕುಳಿತುದರಿಂದಲೇ ಹಣ್ಣು ಬಿದ್ದಿತೆಂದು ನೋಡಿದವನು ನಂಬಿದನು. ನಮ್ಮ ಹಿರಿಯರು ಇದಕ್ಕೆ ಕಾಕತಾಳೀಯ ನ್ಯಾಯವೆಂದು ಹೆಸರಿಟ್ಟರು. ಮಾತಿನ ವಿನೋದಕ್ಕೆ ಇದನ್ನು ಬಳಸುವುದು ಸುಲಭ; ರೋಗಿಯ ಹಾಸಿಗೆಯ ಬಳಿ ಇದನ್ನು ನೆನೆಯುವುದು ಕಷ್ಟ. ಔಷಧವನ್ನು ಕೊಟ್ಟೆವು, ರೋಗಿ ಚೇತರಿಸಿಕೊಂಡನು. ಗುಣ ಔಷಧದ್ದೋ, ಬೇರೊಂದರದ್ದೋ? ಅಮೆರಿಕದ ಕೆಲವು ವೈದ್ಯರು ಒಂದು ಅಪರೂಪದ ಏಡಿಗಂತಿಯ ವಿಷಯದಲ್ಲಿ ಈ ಪ್ರಶ್ನೆಯನ್ನು ಕೇಳಿ ಉತ್ತರ ಪಡೆದ ಬಗೆ ವಿಚಾರಾರ್ಹವೆಂದು ನನಗೆ ತೋರಿದುದರಿಂದ ಅದನ್ನು ಇಲ್ಲಿ ನಿರೂಪಿಸುತ್ತೇನೆ.

ಆ ರೋಗದ ಹೆಸರು ಮರ್ಕೆಲ್ ಕೋಶದ ಏಡಿಗಂತಿ. ಜರ್ಮನಿಯ ಅಂಗರಚನಾ ಶಾಸ್ತ್ರಜ್ಞರಾದ ಫ್ರೀಡ್ರಿಕ್ ಮರ್ಕೆಲ್ ಅವರು 1875ರಲ್ಲಿ ಚರ್ಮದೊಳಗಿನ ಕೆಲವು ಕೋಶಗಳನ್ನು ಕಂಡು, ಅವು ಸ್ಪರ್ಶಜ್ಞಾನಕ್ಕೆ ಸಂಬಂಧಿಸಿದವೆಂದು ವರ್ಣಿಸಿದ್ದರು. ಈ ಗಂತಿಯ ಕೋಶಗಳಿಗೆ ಅವುಗಳೊಡನೆ ಹೋಲಿಕೆಯುಂಟು. ಇದನ್ನು ಪ್ರತ್ಯೇಕ ರೋಗವೆಂದು 1972ರಲ್ಲಿ ವರ್ಣಿಸಿದವರು ಸಿರಿಲ್ ಟೋಕರ್. ಹೆಚ್ಚಾಗಿ ಬಿಳಿಯ ಮೈಬಣ್ಣದ ವೃದ್ಧರಲ್ಲಿ, ಬಿಸಿಲು ತಾಗುವ ಮುಖ, ಕತ್ತು, ತೋಳುಗಳ ಮೇಲೆ, ನೋವಿಲ್ಲದ ಕೆಂಪು ಗಂಟಾಗಿ ಇದು ಮೂಡುತ್ತದೆ. ನೋವಿಲ್ಲವೆಂದು ಉದಾಸೀನ ಮಾಡುವಷ್ಟರಲ್ಲಿ ಬೇಗಬೇಗನೆ ಬೆಳೆದು ದೇಹದೊಳಕ್ಕೆ ಹರಡುತ್ತದೆ.

2008ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದ ಯುವಾನ್ ಚಾಂಗ್, ಪ್ಯಾಟ್ರಿಕ್ ಮೂರ್ ಮತ್ತು ಅವರ ಸಂಗಡಿಗರು ಈ ಗಂತಿಯಲ್ಲಿ ಒಂದು ವೈರಸ್ಸನ್ನು ಕಂಡುಹಿಡಿದರು. ಬಹುಮಂದಿಯ ಚರ್ಮದಲ್ಲಿ ಅದು ಯಾವ ಕೇಡನ್ನೂ ಮಾಡದೆ ವಾಸಿಸುತ್ತದೆ. ಎಲ್ಲೋ ಒಬ್ಬರಲ್ಲಿ ಮಾತ್ರ ಕೋಶದ ಆನುವಂಶಿಕ ದ್ರವ್ಯದೊಳಗೆ ಸೇರಿಕೊಂಡು ಕೆರಳಿಸುತ್ತದೆ. ವೈರಸ್ ಇಲ್ಲದ ಗಂತಿಗಳಲ್ಲಿ ಬಿಸಿಲಿನ ಪೆಟ್ಟಿನಿಂದಾದ ವಿಕಾರಗಳು ಹೇರಳವಾಗಿರುತ್ತವೆ. ಹೇಗೆ ನೋಡಿದರೂ ಈ ಗಂತಿಯ ಮೈಮೇಲೆ ‘ಇದು ಪರಕೀಯ’ ಎಂಬ ಗುರುತು ಇದ್ದೇ ಇದೆ. ಹಾಗಿದ್ದ ಮೇಲೆ ದೇಹದ ಕಾವಲುಗಾರರಾದ ಬಿಳಿಯ ರಕ್ತಕಣಗಳು ಸುಮ್ಮನಿರುವುದೇಕೆ?

ಸೈನ್ಯ ತನ್ನ ನಾಡನ್ನೇ ಸೂರೆಗೊಳ್ಳದಿರಲೆಂದು ಪ್ರಕೃತಿ ಆ ಕಣಗಳಿಗೆ ಕಡಿವಾಣಗಳನ್ನು ಹಾಕಿದೆ. ಗಂತಿ ಆ ಕಡಿವಾಣವನ್ನು ತಾನೇ ಹಿಡಿದು ಜಗ್ಗುತ್ತದೆ. ಕಡಿವಾಣವನ್ನು ಸಡಿಲಿಸಿದರೆ ದೇಹವೇ ಗಂತಿಯೊಡನೆ ಹೋರಾಡಬಲ್ಲದೆಂದು ತೋರಿಸಿದವರಲ್ಲಿ ಅಮೆರಿಕದ ಜೇಮ್ಸ್ ಆಲಿಸನ್, ಜಪಾನಿನ ತಸುಕು ಹೊಂಜೊ ಪ್ರಮುಖರು. 2018ರ ನೊಬೆಲ್ ಪಾರಿತೋಷಕ ಅವರಿಬ್ಬರಿಗೆ ಸಂದಿತು. ಮರ್ಕೆಲ್ ಗಂತಿಗೆ ಈ ಬಗೆಯ ಔಷಧವೊಂದಕ್ಕೆ ಅಮೆರಿಕದಲ್ಲಿ 2017ರಲ್ಲಿ ಅನುಮತಿ ದೊರೆಯಿತು. ಆದರೂ ಎಷ್ಟೋ ರೋಗಿಗಳಲ್ಲಿ ಗಂತಿ ಕರಗಲಿಲ್ಲ. ಕೆಲವರಲ್ಲಿ ಕರಗಿದ್ದು ಮರಳಿ ಬೆಳೆಯಿತು.

ಇಲ್ಲಿ ಒಂದು ಹಳೆಯ ಆಸೆ ತಲೆಯೆತ್ತಿತು. ಒಂದು ಗಂತಿಗೆ ವಿಕಿರಣವನ್ನು ಹಾಯಿಸಿದಾಗ ದೂರದ ಇನ್ನೊಂದು ಗಂತಿಯೂ ಕುಗ್ಗುವುದುಂಟು. ಈ ಚೋದ್ಯಕ್ಕೆ 1953ರಲ್ಲಿ ಬ್ರಿಟನ್ನಿನ ಆರ್. ಎಚ್. ಮೋಲ್ ‘ಗುರಿಯಿಂದಾಚೆಯ ಪರಿಣಾಮ’ ಎಂಬರ್ಥದ ಲ್ಯಾಟಿನ್ ಹೆಸರನ್ನು ಕೊಟ್ಟರು. ವಿಕಿರಣದಿಂದ ಸತ್ತ ಕೋಶಗಳ ಚೂರುಗಳೇ ರಕ್ತಕಣಗಳಿಗೆ ಶತ್ರುವಿನ ಪರಿಚಯ ಮಾಡಿಕೊಡುತ್ತವೆ ಎಂಬುದು ವಿವರಣೆ. 2012ರಲ್ಲಿ ನ್ಯೂಯಾರ್ಕಿನ ವೈದ್ಯರು ಕಡಿವಾಣ ಸಡಿಲಿಸುವ ಔಷಧವನ್ನು ಪಡೆಯುತ್ತಿದ್ದ ಒಬ್ಬ ಮಹಿಳೆಯಲ್ಲಿ ಇಂಥ ಪರಿಣಾಮವನ್ನು ಕಂಡು ಪ್ರಕಟಿಸಿದಾಗ ಆಸೆ ಇಮ್ಮಡಿಯಾಯಿತು. ತರ್ಕವೂ ಇತ್ತು, ನಿದರ್ಶನವೂ ಇತ್ತು. ಕಾಗೆ ಕುಳಿತದ್ದನ್ನು ಎಲ್ಲರೂ ಕಂಡಿದ್ದರು.

ಅದನ್ನು ಪರೀಕ್ಷಿಸಲು ಫ್ಲಾರಿಡಾದ ಟ್ಯಾಂಪಾ ನಗರದ ಮಾಫಿಟ್ ಕ್ಯಾನ್ಸರ್ ಕೇಂದ್ರವೂ ಒಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯವೂ ಮುಂದಾದವು. 2017ರಿಂದ 2021ರವರೆಗೆ, ರೋಗ ಮುಂದುವರಿದಿದ್ದ 50 ಮಂದಿ ಇದಕ್ಕೆ ಸೇರಿದರು. ಇಷ್ಟು ಅಪರೂಪದ ರೋಗದಲ್ಲಿ ಐವತ್ತು ಮಂದಿಯನ್ನು ಕೂಡಿಸುವುದಕ್ಕೆ ಅಷ್ಟು ವರ್ಷ ಹಿಡಿಯಿತು. ಎಲ್ಲರಿಗೂ ನಿವೊಲುಮಾಬ್, ಇಪಿಲಿಮುಮಾಬ್ ಎಂಬ ಎರಡು ಔಷಧಗಳು. ಚೀಟಿ ಎತ್ತಿದಂತೆ ಅವರನ್ನು 25ರಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಎರಡನೆಯ ವಾರದಲ್ಲಿ ಒಂದು ಗಂತಿಗಾದರೂ ಗುರಿಯಿಟ್ಟು, ಮೂರು ಕಂತುಗಳಲ್ಲಿ 24 ಗ್ರೇ ವಿಕಿರಣವನ್ನು ಕೊಟ್ಟರು. ಚೀಟಿಯೇಕೆಂದರೆ, ವೈದ್ಯನ ಅಂತಃಕರಣವೂ ರೋಗಿಯ ಆಸೆಯೂ ತಕ್ಕಡಿಯನ್ನು ಮುಟ್ಟಬಾರದು.

2022ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಫಲಿತಾಂಶವನ್ನು ಪ್ರಕಟಿಸಿತು. ಈ ಬಗೆಯ ಔಷಧವನ್ನು ಹಿಂದೆ ಪಡೆಯದಿದ್ದು, ಫಲವನ್ನು ಅಳೆಯಲು ಸಾಧ್ಯವಾದ 22 ಮಂದಿಯಲ್ಲಿ 22 ಮಂದಿಗೂ ಗಂತಿ ಕುಗ್ಗಿತ್ತು. 9 ಮಂದಿಯಲ್ಲಿ ಪೂರ್ತಿ ಮಾಯವಾಗಿತ್ತು. ಹಿಂದೆ ಇಂಥ ಔಷಧವನ್ನು ಪಡೆದಿದ್ದ 26 ಮಂದಿಯಲ್ಲಿ ಕೂಡ 8 ಮಂದಿಗೆ ಫಲ ದೊರೆಯಿತು. ವಿಕಿರಣದ ಮಾತೇನು? ಔಷಧ ಮಾತ್ರ ಪಡೆದ ಗುಂಪಿನಲ್ಲಿ 25ಕ್ಕೆ 18, ವಿಕಿರಣವನ್ನೂ ಪಡೆದ ಗುಂಪಿನಲ್ಲಿ 23ಕ್ಕೆ 12. ಸಂಖ್ಯೆ ಕಿರಿದಾದುದರಿಂದ ಈ ಅಂತರ ಆಕಸ್ಮಿಕವಿರಬಹುದು. ವಿಕಿರಣ ಕೆಡುಕು ಮಾಡಿತೆನ್ನಲಾಗದು. ಆದರೆ ಔಷಧದೊಡನೆ ಸೇರಿ ಅದು ಒಳಿತನ್ನು ಹೆಚ್ಚಿಸಿದ ಕುರುಹು ಕಾಣಲಿಲ್ಲ. ಕಡಿವಾಣ ಸಡಿಲಿಸಿದ್ದಕ್ಕೆ ಬೆಲೆಯನ್ನೂ ತೆರಬೇಕಾಯಿತು: ಮೊದಲ ಗುಂಪಿನ 10 ಮಂದಿಗೆ, ಎರಡನೆಯದರ 8 ಮಂದಿಗೆ ತೀವ್ರ ಉಪದ್ರವಗಳುಂಟಾದವು.

ಇದನ್ನು ಸೋಲೆಂದು ಕರೆಯಲು ನನಗೆ ಮನಸ್ಸಿಲ್ಲ. ಇದರಿಂದ ವಿಕಿರಣ ಚಿಕಿತ್ಸೆಯೇ ವ್ಯರ್ಥವೆಂದು ವಾಚಕರು ತಿಳಿಯಬಾರದು. ಶಸ್ತ್ರಕ್ರಿಯೆಯ ತರುವಾಯವೂ, ನೋವಿನ ಶಮನಕ್ಕೂ ಈ ರೋಗದಲ್ಲಿ ಅದರ ಉಪಯೋಗ ಇದ್ದೇ ಇದೆ. ಪರೀಕ್ಷೆಗೊಳಗಾದುದು ಒಂದು ನಿರ್ದಿಷ್ಟ ಆಸೆ. ಅದನ್ನು ಪರೀಕ್ಷಿಸದೆ ಬಿಟ್ಟಿದ್ದರೆ, ತರ್ಕದ ಸೊಗಸಿಗೆ ಮಾರುಹೋಗಿ, ಇನ್ನೆಷ್ಟೋ ಬಳಲಿದ ದೇಹಗಳು ಬೇಕಿಲ್ಲದ ಕಿರಣಗಳ ಕೆಳಗೆ ಮಲಗಬೇಕಾಗುತ್ತಿತ್ತು. ‘ಇದು ಬೇಡ’ ಎಂದು ತಿಳಿಯುವುದೂ ವೈದ್ಯದಲ್ಲಿ ಒಂದು ಉಪಕಾರವೇ.

ಆ ಉಪಕಾರ ಮಾಡಿದವರು ವೈದ್ಯರು ಮಾತ್ರವೆ? ತಮ್ಮ ಆಯುಸ್ಸಿನ ಲೆಕ್ಕ ಬಲ್ಲ ಐವತ್ತು ಮಂದಿ, ಯಾವ ಚೀಟಿ ಬಂದರೂ ಆಗಲಿ ಎಂದು ಒಪ್ಪಿ ಸಹಿ ಹಾಕಿದರು. ಅವರ ಹೆಸರುಗಳು ಪತ್ರಿಕೆಯಲ್ಲಿಲ್ಲ. 25ಕ್ಕೆ 18, 23ಕ್ಕೆ 12 ಎಂಬ ಅಂಕಿಗಳೊಳಗೆ ಅವರೆಲ್ಲ ಅಡಗಿದ್ದಾರೆ. ಶಾಲೆಯಲ್ಲಿ ಅಂಕಿಗಳನ್ನು ಕಲಿಸುವಾಗ ನಾವು ಇಷ್ಟನ್ನಾದರೂ ಮಕ್ಕಳಿಗೆ ಹೇಳಬೇಕು: ಕೆಲವು ಸಂಖ್ಯೆಗಳನ್ನು ತಲೆಬಾಗಿ ಓದಬೇಕಾಗುತ್ತದೆ.